ದಿನವೂ ಹಚ್ಚಿಕೊಳ್ಳಲು ಅಂಜೂರದ ಸುಗಂಧವನ್ನು ಆರಿಸುವ ಬಗೆ

ಅಂಜೂರದ ಪರ್ಫ್ಯೂಮ್ ಎಂದಾಕ್ಷಣ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಡ್ರೈಫ್ರೂಟ್ ಅಂಗಡಿಯಲ್ಲಿ ನಾರಿಗೆ ಪೋಣಿಸಿ ತೂಗುಹಾಕಿದ, ಚಪ್ಪಟೆಯಾದ, ಕಂದು ಬಣ್ಣದ ಒಣಹಣ್ಣಿನ ಸರ. ಆ ನಿರೀಕ್ಷೆಯಿಂದ ಅಂಗಡಿಗೆ ಹೋದವರು ಮೊದಲ ಸ್ಪ್ರೇಗೇ ತಬ್ಬಿಬ್ಬಾಗುತ್ತಾರೆ. ಪಾಕದಂಥ ಸಿಹಿಯನ್ನು ನಿರೀಕ್ಷಿಸಿದ ಮೂಗಿಗೆ ಮೊದಲು ತಾಗುವುದು ಆಗತಾನೇ ಕಿತ್ತ ಎಲೆಯ ಹಸಿ ವಾಸನೆ. ಅದರ ಬೆನ್ನಿಗೆ ತೆಂಗಿನ ಹಾಲಿನಂಥ ನಸುಗಂಪು, ಗಂಟೆ ಕಳೆದ ಮೇಲೆ ಒಣಕಟ್ಟಿಗೆಯ ವಾಸನೆ ಬರುತ್ತವೆ. ಅಂಜೂರದ ಸುಗಂಧವೆಂದು ಮಾರಾಟವಾಗುವ ಉತ್ತಮ ಪರ್ಫ್ಯೂಮುಗಳಲ್ಲಿ ಬಹುಪಾಲು ಕಟ್ಟಿಕೊಡುವುದು ಮರದ ವಾಸನೆಯನ್ನು. ಹಣ್ಣು ಅದರಲ್ಲಿ ಒಂದು ಚಿಕ್ಕ ಪಾಲು ಮಾತ್ರ. ಎಲೆ, ಹಾಲು, ಕಟ್ಟಿಗೆ ಎಂಬ ಮೂರರಲ್ಲಿ ತಮ್ಮ ಮೈಗೆ, ತಮ್ಮ ಊರಿನ ಹವೆಗೆ, ತಮ್ಮ ಕೆಲಸದ ಜಾಗಕ್ಕೆ ಯಾವುದು ಒಗ್ಗುತ್ತದೆ ಎಂಬುದನ್ನು ಅರಿತುಕೊಂಡವರಿಗೆ ಆಯ್ಕೆ ಕಷ್ಟವಾಗುವುದಿಲ್ಲ. ಅದನ್ನು ಅರಿತುಕೊಳ್ಳುವ ಕ್ರಮವನ್ನು ಇಲ್ಲಿ ಒಂದೊಂದಾಗಿ ವಿವರಿಸಲಾಗಿದೆ.

ಮೊದಲು ಒಂದು ಎಲೆಯನ್ನು ಮೂಸಿ ನೋಡಿ

ಅಂಗಡಿಗೆ ಹೋಗುವ ಮುನ್ನ, ಸಾಧ್ಯವಿದ್ದರೆ, ಒಂದು ಅಂಜೂರದ ಗಿಡವನ್ನು ಹುಡುಕಿಕೊಳ್ಳಿ. ಬಳ್ಳಾರಿ ಸೀಮೆಯಲ್ಲಿ ಅಂಜೂರದ ತೋಟಗಳಿವೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಒಂದು ಕಾಲಕ್ಕೆ ಈ ಹಣ್ಣಿಗೆ ಹೆಸರಾಗಿದ್ದ ಊರು. ಅಷ್ಟು ದೂರ ಹೋಗಲಾಗದವರಿಗೆ ನರ್ಸರಿಗಳಲ್ಲಿ ಕುಂಡದಲ್ಲಿ ಬೆಳೆಸುವ ಸಸಿಯೂ ಸಿಗುತ್ತದೆ. ಅತ್ತಿ, ಆಲ, ಅರಳಿ ಇವೆಲ್ಲ ಅಂಜೂರದ ಹತ್ತಿರದ ಬಂಧುಗಳೇ ಆಗಿದ್ದು, ಎಲೆ ಮುರಿದರೆ ಹಾಲು ಬರುವುದೂ ಎಲ್ಲದರಲ್ಲೂ ಸಮಾನವೇ ಆಗಿದ್ದರೂ, ಪರ್ಫ್ಯೂಮಿನವರು ಹಿಂದೆ ಬಿದ್ದಿರುವ ಆ ಕಂಪು ಅಂಜೂರದ ಎಲೆಯದು. ಆದ್ದರಿಂದ ಬೀದಿಯ ಅತ್ತಿಮರದ ಎಲೆಯನ್ನು ಮೂಸಿ ತೀರ್ಮಾನಕ್ಕೆ ಬರಬೇಡಿ.

ನನ್ನ ತಾರಸಿಯಲ್ಲಿ ಅಂಥ ಒಂದು ಗಿಡವಿದೆ. ಅಂಗೈ ಚಾಚಿದಂತಿರುವ ಎಲೆ. ಮೇಲ್ಮೈ ಎಷ್ಟು ಒರಟೆಂದರೆ ಬೆರಳಾಡಿಸಿದರೆ ಸ್ಯಾಂಡ್ ಪೇಪರ್ ಸವರಿದ ಹಾಗಾಗುತ್ತದೆ. ಬೆಳಿಗ್ಗೆ ಏಳಕ್ಕೆ ಮೂಸಿದರೆ ವಿಶೇಷವೇನೂ ಇಲ್ಲ. ಮಧ್ಯಾಹ್ನ ಹನ್ನೆರಡರ ಮೇಲೆ, ಬಿಸಿಲು ನೆತ್ತಿಗೆ ಬಂದು ಎಲೆ ಕಾದ ಹೊತ್ತಿನಲ್ಲಿ, ಬಟ್ಟೆ ಒಣಹಾಕಲು ಪಕ್ಕದಲ್ಲಿ ಹಾದುಹೋದರೆ ಸಾಕು, ಗಿಡವನ್ನು ಮುಟ್ಟದೆಯೇ ವಾಸನೆ ಬರುತ್ತದೆ. ಮೊದಲು ಟೊಮೆಟೊ ಗಿಡದ ಎಲೆ ಉಜ್ಜಿದಾಗ ಬರುವಂಥ ಹಸಿ ಘಾಟು, ಅದರೊಳಗೆ ಸ್ವಲ್ಪ ಪುದೀನಾ ನೆನಪಿಸುವ ತಂಪು, ತೊಟ್ಟಿನ ಕಡೆ ಬಂದರೆ ತೆಂಗಿನಕಾಯಿ ತುರಿದ ಬಟ್ಟಲಿನ ವಾಸನೆ. ಬೆಂಗಳೂರಿನ ತಾರಸಿಯ ಮೇಲೆ ನಿಂತು ಕೊಬ್ಬರಿಯ ವಾಸನೆಯ ಮೂಲ ಹುಡುಕಿ ಪಕ್ಕದ ಮನೆಯ ಅಡುಗೆಮನೆಯತ್ತ ನೋಡಿದ್ದು, ಅದು ಎಲೆಯ ತೊಟ್ಟಿನಿಂದಲೇ ಬರುತ್ತಿದೆ ಎಂದು ತಿಳಿಯುವವರೆಗೂ ಒಂದೆರಡು ದಿನ ನಡೆದಿತ್ತು.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಎಲೆಯನ್ನು ಮೂಸಿ ನೋಡಿ, ಆದರೆ ಸೊನೆಯನ್ನು ಮೈಗೆ ಬಳಿದುಕೊಳ್ಳಬೇಡಿ. ಎಲೆಗಳನ್ನು ಎಣ್ಣೆಯಲ್ಲೋ ಸ್ಪಿರಿಟ್‌ನಲ್ಲೋ ನೆನೆಸಿ ಮನೆಯಲ್ಲೇ ಸೆಂಟು ಮಾಡುವ ಸಾಹಸವನ್ನಂತೂ ಮಾಡಲೇಬೇಡಿ. ಅಂಜೂರದ ಎಲೆ ಮತ್ತು ಹಾಲಿನಲ್ಲಿ ಸೋರಲೆನ್, ಬರ್ಗಾಪ್ಟೆನ್ ಎಂಬ ವಸ್ತುಗಳಿವೆ. ಇವು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಗಾಯದಂಥ ಗುಳ್ಳೆಗಳೇಳುತ್ತವೆ, ಗುಳ್ಳೆ ಇಳಿದ ಮೇಲೂ ಕಪ್ಪು ಕಲೆ ಬಹಳ ದಿನ ಉಳಿಯುತ್ತದೆ. ಗಾಯ ಅಂದೇ ಕಾಣದೆ ಒಂದೆರಡು ದಿನ ಕಳೆದು ಕಾಣಿಸಿಕೊಳ್ಳುವುದರಿಂದ ಕಾರಣವೂ ಬೇಗ ಹೊಳೆಯುವುದಿಲ್ಲ. ಅಂಜೂರದ ಎಲೆಯಿಂದ ತೆಗೆದ ಸಾರವನ್ನು ಪರ್ಫ್ಯೂಮುಗಳಲ್ಲಿ ಬಳಸಬಾರದೆಂದು ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘಟನೆಯಾದ ಇಫ್ರಾ ನಿಷೇಧಿಸಿರುವುದೂ ಚರ್ಮಕ್ಕೆ ಆಗುವ ಈ ಬಗೆಯ ತೊಂದರೆಗಳಿಂದಲೇ. ಎಲೆಯನ್ನು ಮೂಸಿ ಮುಗಿಸಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ.

ಬಾಟಲಿಯಲ್ಲಿ ಇರುವುದೇನು

ಎಲೆಯ ಸಾರ ನಿಷಿದ್ಧ. ಹಣ್ಣಿನ ವಾಸನೆಯೋ ಬಟ್ಟಿ ಇಳಿಸಿ ಹಿಡಿದಿಡುವಷ್ಟು ಬಲವಾದುದಲ್ಲ. ಹಾಗಾದರೆ ಅಂಗಡಿಯಲ್ಲಿ ಸಿಗುವ ಅಂಜೂರ ಎಲ್ಲಿಂದ ಬಂತು? ಅದು ಪೂರ್ತಿಯಾಗಿ ಕಟ್ಟಿದ ವಾಸನೆ. ಬೇರೆ ಬೇರೆ ವಸ್ತುಗಳನ್ನು ಅಳತೆಗೆ ತಕ್ಕಂತೆ ಕೂಡಿಸಿ, ಮರದ ಕೆಳಗೆ ನಿಂತ ಅನುಭವವನ್ನು ಮೂಗಿಗೆ ತರುವ ಕೆಲಸ. ಎಲೆಯ ಪಾಲಿಗೆ ಸ್ಟೆಮೋನ್ ಎಂಬ ಸಂಶ್ಲೇಷಿತ ವಸ್ತು ಬಹಳ ಮುಖ್ಯ; ಹುಲ್ಲು ಕತ್ತರಿಸಿದಾಗಿನ ವಾಸನೆ ಕೊಡುವ ಹೆಕ್ಸೆನಾಲ್ ಅದಕ್ಕೆ ಜೊತೆಯಾಗುತ್ತದೆ. ಹಾಲಿನ ಪಾಲನ್ನು ಗಾಮಾ ಆಕ್ಟಾಲ್ಯಾಕ್ಟೋನ್, ಗಾಮಾ ನೋನಾಲ್ಯಾಕ್ಟೋನ್ ಎಂಬ, ತೆಂಗಿನಕಾಯಿಯನ್ನು ಹೋಲುವ ವಸ್ತುಗಳು ತುಂಬುತ್ತವೆ. ಕಟ್ಟಿಗೆಯ ಪಾಲಿಗೆ ಸೀಡರ್ ಮತ್ತು ಅದಕ್ಕೆ ಹತ್ತಿರದ ಇತರ ಮರದ ವಾಸನೆಗಳು ಬರುತ್ತವೆ. ‘ನ್ಯಾಚುರಲ್ ಫಿಗ್ ಆಯಿಲ್’ ಎಂದು ಬರೆದು ಮಾರುವ ಬಾಟಲಿಯನ್ನು ಕಂಡರೆ ಸಂಶಯದಿಂದಲೇ ನೋಡಿ. ಕೃತಕವೆಂಬ ಕಾರಣಕ್ಕೆ ಮೂಗು ಮುರಿಯುವ ಅಗತ್ಯವೂ ಇಲ್ಲ, ಏಕೆಂದರೆ ಈ ಒಂದು ಸಂದರ್ಭದಲ್ಲಿ ಕೃತಕವಾದುದೇ ಚರ್ಮಕ್ಕೆ ಸುರಕ್ಷಿತ.

ಈ ಬಗೆಯ ಕಟ್ಟುಗಾರಿಕೆ ತೀರ ಹಳೆಯದೇನಲ್ಲ. ಫ್ರಾನ್ಸಿನ ಲಾರ್ಟಿಸಾನ್ ಪರ್ಫ್ಯೂಮರ್ ಸಂಸ್ಥೆಗಾಗಿ ಒಲಿವಿಯಾ ಜಾಕೊಬೆಟ್ಟಿ 1994ರಲ್ಲಿ ಮಾಡಿದ ‘ಪ್ರೀಮಿಯೆ ಫಿಗಿಯೆ’ ಅಂಜೂರದ ಮರವನ್ನೇ ನಡುವೆ ಇಟ್ಟುಕೊಂಡ ಮೊದಲ ಪರ್ಫ್ಯೂಮ್ ಎಂದು ಸಾಮಾನ್ಯವಾಗಿ ಗುರುತಿಸಲ್ಪಡುತ್ತದೆ. ಎರಡು ವರ್ಷದ ನಂತರ, 1996ರಲ್ಲಿ, ಅವರೇ ಪ್ಯಾರಿಸ್ಸಿನ ದಿಪ್ತೀಕ್ ಸಂಸ್ಥೆಗೆ ‘ಫಿಲೊಸಿಕೋಸ್’ ಮಾಡಿಕೊಟ್ಟರು. ಅಂಜೂರದ ಗೆಳೆಯ ಎಂಬ ಅರ್ಥದ ಗ್ರೀಕ್ ಮೂಲದ ಹೆಸರದು. ಗ್ರೀಸಿನ ಪೀಲಿಯನ್ ಬೆಟ್ಟದ ಅಂಜೂರದ ತೋಪಿನ ಬೇಸಿಗೆ ಅದರ ಹಿಂದಿನ ನೆನಪು. 2003ರಲ್ಲಿ ಎರ್ಮೆಸ್ ಸಂಸ್ಥೆಗಾಗಿ ಝಾನ್ ಕ್ಲೋದ್ ಎಲೆನಾ ಮಾಡಿದ ‘ಉನ್ ಝಾರ್ದಾಂ ಆನ್ ಮೆಡಿಟೆರಾನೆ’ ಟುನೀಸಿಯಾದ ಒಂದು ತೋಟದಿಂದ ಹುಟ್ಟಿದ್ದು, ಅದರಲ್ಲೂ ಅಂಜೂರದ ಎಲೆಯೇ ಪ್ರಧಾನ. ಈ ಮೂರೂ ಮೆಡಿಟರೇನಿಯನ್ ಸಮುದ್ರದ ಸುತ್ತಣ ಬೇಸಿಗೆಗಳ ಚಿತ್ರಗಳು ಎಂಬುದನ್ನು ಗಮನಿಸಬೇಕು. ಅಲ್ಲಿನ ಬಿಸಿಲು ಒಣಬಿಸಿಲು. ಕರಾವಳಿಯ ಬೆವರಿನಲ್ಲಿ ಅದೇ ಬಾಟಲಿ ಬೇರೆಯದೇ ಮಾತಾಡುತ್ತದೆ.

ಮೂರರಲ್ಲಿ ಯಾವುದು ನಿಮ್ಮದು

ಎಲೆ ಮುಂದಾಗಿರುವ ಪರ್ಫ್ಯೂಮ್ ಹಚ್ಚಿದ ಮೊದಲ ಅರ್ಧ ಗಂಟೆ ಚುರುಕಾಗಿ, ಸ್ವಲ್ಪ ಕಹಿಯಾಗಿ ಇರುತ್ತದೆ. ಸ್ನಾನ ಮಾಡಿ ಬಂದ ಹಾಗಿರಬೇಕು, ಸೆಂಟು ಹಾಕಿಕೊಂಡ ಹಾಗೆ ಕಾಣಬಾರದು ಎನ್ನುವವರಿಗೆ ಇದು ಸರಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮೊದಲು ಈ ಗುಂಪಿನಿಂದಲೇ ಹುಡುಕುವುದು ಒಳ್ಳೆಯದು, ಅದರಲ್ಲೂ ನಿಂಬೆ ಜಾತಿಯ ಹಣ್ಣುಗಳನ್ನು ಮೇಲೆ ಸೇರಿಸಿರುವುದನ್ನು. ಇಟಲಿಯ ಆಕ್ವಾ ದಿ ಪಾರ್ಮಾದ ‘ಫಿಕೊ ದಿ ಅಮಾಲ್ಫಿ’ ಇಂಥದು. ಮೊದಲ ಉಸಿರಿಗೆ ನಿಂಬೆ, ಬರ್ಗಮಾಟ್, ಆಮೇಲೆ ಅಂಜೂರ. ಕೊರತೆಯೆಂದರೆ ಹಸಿರು ವಾಸನೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಹಚ್ಚಿದ ಎಲೆಯನ್ನು ಮಧ್ಯಾಹ್ನ ಒಂದಕ್ಕೆ ಹುಡುಕಿದರೆ ಸಿಗುವುದು ಕಟ್ಟಿಗೆ ಮಾತ್ರ, ಅದು ಬಾಟಲಿಯ ತಪ್ಪಲ್ಲ.

ಹಾಲು ಮುಂದಾಗಿರುವುದು ನಮ್ಮ ಕಡೆ ಒಂದು ವಿಚಿತ್ರ ತೊಡಕನ್ನು ಒಡ್ಡುತ್ತದೆ. ಪ್ಯಾರಿಸ್ಸಿನವರಿಗೆ ತೆಂಗಿನ ವಾಸನೆಯೆಂದರೆ ರಜೆ, ಸಮುದ್ರತೀರ, ಬಿಸಿಲಿಗೆ ಹಚ್ಚುವ ಕ್ರೀಮು; ನಮಗೆ ಅದು ತಲೆಗೆ ಹಚ್ಚುವ ಎಣ್ಣೆ, ಅಥವಾ ಒಲೆಯ ಮೇಲಿನ ಪಾಯಸ. ಇಂಥದೊಂದನ್ನು ಮೊದಲ ಬಾರಿ ಹಚ್ಚಿಕೊಂಡು ಊಟಕ್ಕೆ ಕೂತಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಶುಕ್ರವಾರ ಎಣ್ಣೆ ಹಚ್ಚಿಕೊಂಡವಳು ಇನ್ನೂ ತಲೆಗೆ ನೀರು ಹಾಕಿಕೊಂಡಿಲ್ಲವೇನೇ?” ಸಾವಿರಾರು ರೂಪಾಯಿಯ ಫ್ರೆಂಚ್ ಸುಗಂಧದ ಬಗ್ಗೆ ಬಂದ ಮೊದಲ ವಿಮರ್ಶೆ ಅದು, ಮತ್ತು ನ್ಯಾಯವಾದ ವಿಮರ್ಶೆ. ದಿನವೂ ಕೊಬ್ಬರಿ ಎಣ್ಣೆ ಬಳಸುವ ಮನೆಯಲ್ಲಿ ಹಾಲಿನ ಪಾಲು ಹೆಚ್ಚಿರುವ ಅಂಜೂರ ಎಣ್ಣೆಯೊಂದಿಗೆ ಕಲಸಿಹೋಗುತ್ತದೆ. ಎಣ್ಣೆ ಹಚ್ಚದವರಿಗೆ, ಡಿಸೆಂಬರ್‌ನ ಬೆಂಗಳೂರು, ಮೈಸೂರು, ಮಡಿಕೇರಿಯಂಥ ತಂಪಿಗೆ, ಇದು ಬಹಳ ಹಿತವಾದ ವಾಸನೆ. ಸೆಕೆಯಲ್ಲಿ ಮಾತ್ರ ಜಿಡ್ಡೆನಿಸುತ್ತದೆ.

ಕಟ್ಟಿಗೆ ಮುಂದಾಗಿರುವ ಅಂಜೂರವನ್ನು ಆಫೀಸಿಗೆ ಹೋಗುವವರಿಗೆ ನಾನು ಹೆಚ್ಚಾಗಿ ಸೂಚಿಸುತ್ತೇನೆ. ಸೀಡರ್‌ನ ಒಣ ವಾಸನೆ ಪೆನ್ಸಿಲ್ ಕೆತ್ತಿದ ಹಾಗೆ ಸೌಮ್ಯವಾಗಿರುತ್ತದೆ, ಎಸಿ ಕೋಣೆಯಲ್ಲಿ ಪಕ್ಕದವರ ತಲೆ ತಿನ್ನುವುದಿಲ್ಲ, ಗಂಡಸರು ಹೆಂಗಸರೆಂಬ ಭೇದವೂ ಅದಕ್ಕಿಲ್ಲ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೂ, ಹೊರಗೆ ಸುಡುವ ಬಿಸಿಲು ಒಳಗೆ ಕೊರೆಯುವ ಎಸಿ ಇರುವ ದುಬೈ, ದೋಹಾದಲ್ಲಿರುವ ನಮ್ಮವರಿಗೂ ಇದೇ ತಕ್ಕುದು.

ನಾಲ್ಕನೆಯದೊಂದು ಗುಂಪೂ ಇದೆ: ಜಾಮ್‌ನಂಥ ಸಿಹಿ ಅಂಜೂರ. ಬಾಡಿ ಮಿಸ್ಟ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಇದು. ದಿನವೂ ಹಚ್ಚಿದರೆ ಬೇಗ ಬೇಸರ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಸಿಹಿ ಇಷ್ಟಪಡುವವರು ಒಪ್ಪಬೇಕಾಗಿಲ್ಲ.

ಹೆಸರಿನಿಂದ ಸ್ವಲ್ಪ ಸುಳಿವು ಸಿಗುತ್ತದೆ. ಫ್ರೆಂಚಿನಲ್ಲಿ ‘ಫಿಗ್’ ಎಂದರೆ ಹಣ್ಣು, ‘ಫಿಗಿಯೆ’ ಎಂದರೆ ಮರ, ಇಟಾಲಿಯನ್‌ನಲ್ಲಿ ‘ಫಿಕೊ’. ಮರದ ಹೆಸರಿದ್ದರೆ ಎಲೆ, ಕಟ್ಟಿಗೆ ಮುಂದಾಗಿರುವ ಸಾಧ್ಯತೆ ಹೆಚ್ಚು. ಆದರೆ ಎಲ್ಲ ಕಂಪನಿಗಳೂ ಇದನ್ನು ಪಾಲಿಸುವುದಿಲ್ಲವಾದ್ದರಿಂದ ಹೆಸರನ್ನು ನಂಬಿ ದುಡ್ಡು ಕೊಡಬೇಡಿ.

ಲೇಬಲ್ಲಿನಲ್ಲಿ ನೋಡಬೇಕಾದದ್ದು

ಅಂಗಡಿಯವರು ಇಡಿಟಿ, ಇಡಿಪಿ ಎಂದು ಕರೆಯುವ ಓ ದ ತ್ವಾಲೆಟ್, ಓ ದ ಪರ್ಫಂಗಳ ನಡುವಿನ ವ್ಯತ್ಯಾಸ ಮುಖ್ಯವಾಗಿ ಸುಗಂಧದ ಪ್ರಮಾಣದ್ದು. ಇಡಿಟಿಯಲ್ಲಿ ಸಾಮಾನ್ಯವಾಗಿ ಶೇಕಡಾ 5ರಿಂದ 15, ಇಡಿಪಿಯಲ್ಲಿ 15ರಿಂದ 20ರಷ್ಟು ಸುಗಂಧವಿದ್ದು ಉಳಿದದ್ದು ಬಹುಪಾಲು ಆಲ್ಕೋಹಾಲ್. ಕಂಪನಿಯಿಂದ ಕಂಪನಿಗೆ ಈ ಅಂಕಿ ಹೆಚ್ಚುಕಡಿಮೆಯಾಗುತ್ತದೆ. ಹೆಚ್ಚು ಬೆಲೆಯ ಇಡಿಪಿಯೇ ಮೇಲು ಎಂದು ಅಂಗಡಿಯಲ್ಲಿ ಹೇಳುವುದುಂಟು. ಅಂಜೂರದ ಮಟ್ಟಿಗೆ ಇದು ಯಾವಾಗಲೂ ನಿಜವಲ್ಲ. ಇಡಿಪಿಯಲ್ಲಿ ಹಾಲು ಮತ್ತು ಕಟ್ಟಿಗೆ ದಟ್ಟವಾಗಿ ಎಲೆಯ ಚುರುಕು ಹಿಂದೆ ಸರಿಯುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಹಸಿರೇ ಬೇಕೆನ್ನುವವರು ಇಡಿಟಿಯನ್ನೇ ಕೇಳಿ, ಉಳಿದ ಹಣದಲ್ಲಿ ಜೇಬಿನಲ್ಲಿಟ್ಟುಕೊಳ್ಳುವ ಚಿಕ್ಕ ಸ್ಪ್ರೇ ಸೀಸೆಯೊಂದನ್ನು ಕೊಂಡು ಮಧ್ಯಾಹ್ನಕ್ಕೆ ಇನ್ನೊಮ್ಮೆ ಹಚ್ಚಿಕೊಂಡರಾಯಿತು.

ಹೊರದೇಶದಿಂದ ಬಂದ ಬಾಟಲಿಯಾದರೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಎಂಆರ್‌ಪಿ ಇರುವ ಚೀಟಿ ಡಬ್ಬಿಯ ಮೇಲೆ ಅಂಟಿಸಿರಬೇಕು. ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆಯೂ ಬಾಟಲಿಯ ಅಡಿಯಲ್ಲಿರುವುದೂ ಒಂದೇ ಆಗಿದೆಯೇ ಎಂದು ಹೋಲಿಸಿ ನೋಡಿ. ಲಿಮೋನೀನ್, ಲಿನಲೂಲ್, ಕೂಮರಿನ್ ಮುಂತಾದ ಹೆಸರುಗಳ ಪಟ್ಟಿ ಕಂಡರೆ ಗಾಬರಿ ಬೇಡ. ಅಲರ್ಜಿ ಇರುವವರಿಗೆ ತಿಳಿಯಲೆಂದು ಅವುಗಳನ್ನು ಬರೆಯುವ ನಿಯಮ ಯುರೋಪಿನಲ್ಲಿದೆ. ಹಿಂದೆ ಯಾವುದಾದರೂ ಸೆಂಟಿನಿಂದ ತುರಿಕೆ ಎದ್ದಿದ್ದರೆ ಆ ಬಾಟಲಿಯ ಪಟ್ಟಿಯೊಂದಿಗೆ ಇದನ್ನು ಹೋಲಿಸಿ ನೋಡುವುದು ಉಪಯುಕ್ತ.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ

ನಾನು ಕೊಂಡ ಮೊದಲ ಅಂಜೂರದ ಬಾಟಲಿ ಈಗಲೂ ಮುಕ್ಕಾಲು ಉಳಿದಿದೆ. ಮಾಲ್ ಒಂದರ ಕೌಂಟರಿನಲ್ಲಿ ಕಾಗದದ ಪಟ್ಟಿಯ ಮೇಲೆ ಮೂಸಿ, ಐದು ನಿಮಿಷದಲ್ಲಿ ಮನಸೋತು, ಬಿಲ್ ಮಾಡಿಸಿ ಮೆಟ್ರೋ ಹತ್ತಿದ್ದೆ. ಮನೆ ತಲುಪುವಷ್ಟರಲ್ಲಿ ಕಾಗದದ ಮೇಲೆ ಮುದ್ದಾಗಿದ್ದ ಎಲೆಯ ವಾಸನೆ ಮಾಯವಾಗಿ, ಕೈಗೆ ಹಚ್ಚಿದ್ದು ಹುಳಿ ಬಂದ ತೆಂಗಿನ ಹಾಲಿನಂತೆ ನಾರತೊಡಗಿತ್ತು. ಅಂಗಡಿಯವರು ಮೋಸ ಮಾಡಿರಲಿಲ್ಲ, ಅವಸರ ನನ್ನದಾಗಿತ್ತು. ಆ ಬಾಟಲಿ ಕಲಿಸಿದ ಕ್ರಮ ಮುಂದಿನದು.

ಪರೀಕ್ಷೆಗೆ ಹೋಗುವ ದಿನ ಮೈಗೆ ಬೇರೆ ಸೆಂಟು, ಸುವಾಸನೆಯ ಕ್ರೀಮು ಹಚ್ಚಬೇಡಿ, ತಲೆಗೆ ಮಲ್ಲಿಗೆಯನ್ನೂ ಮುಡಿಯಬೇಡಿ. ಶೀತ ನೆಗಡಿ ಇದ್ದರೆ ಇನ್ನೊಂದು ದಿನ ಹೋಗಿ. ಮೊದಲ ಸುತ್ತನ್ನು ಕಾಗದದ ಪಟ್ಟಿಗಳ ಮೇಲೆ ಮುಗಿಸಿ, ಪ್ರತಿ ಪಟ್ಟಿಯ ಮೇಲೂ ಹೆಸರು ಮತ್ತು ಹೊತ್ತನ್ನು ಪೆನ್ನಿನಲ್ಲಿ ಬರೆದುಕೊಳ್ಳಿ. ಮೂರನೆಯದರ ಹೊತ್ತಿಗೆ ಯಾವುದು ಯಾವುದೆಂಬುದು ಮರೆತುಹೋಗಿರುತ್ತದೆ. ಸ್ಪ್ರೇ ಮಾಡಿದ ಕೂಡಲೇ ಮೂಗಿಗೆ ಹಿಡಿದರೆ ಆಲ್ಕೋಹಾಲ್‌ನ ಘಾಟು ಮಾತ್ರ ತಾಗುವುದರಿಂದ ಒಂದು ನಿಮಿಷ ಬಿಟ್ಟು ಮೂಸಿ. ಒಂದು ಭೇಟಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಬೇಡ. ನಡುವೆ ಮೂಗು ಮಂಕಾದರೆ ಕೌಂಟರಿನಲ್ಲಿಟ್ಟ ಕಾಫಿಬೀಜದ ಬಟ್ಟಲಿಗಿಂತ ನಿಮ್ಮದೇ ತೋಳಿನ ಬಟ್ಟೆಯನ್ನು ಮೂಸುವುದು, ಅಥವಾ ಹೊರಗೆ ಎರಡು ನಿಮಿಷ ನಿಂತು ಬರುವುದು ಸಾಕು. ಕಾಫಿಬೀಜವೂ ಒಂದು ಬಲವಾದ ವಾಸನೆಯೇ ಅಲ್ಲವೇ?

ಕಾಗದದ ಸುತ್ತಿನಲ್ಲಿ ಹೆಚ್ಚು ಹಿಡಿಸಿದ ಎರಡನ್ನು ಒಂದೊಂದು ಮಣಿಕಟ್ಟಿಗೆ ಒಂದೊಂದು ಸ್ಪ್ರೇಯಂತೆ ಹಾಕಿಕೊಳ್ಳಿ. ಕೈಗಳನ್ನು ಒಂದಕ್ಕೊಂದು ಉಜ್ಜಬೇಡಿ. ಉಜ್ಜಿದರೆ ಮೈ ಬಿಸಿಯಾಗಿ ಎಲೆಯ ವಾಸನೆ ಬೇಗ ಹಾರಿಹೋಗುತ್ತದೆ, ಎರಡೂ ಬೆರೆತು ಪರೀಕ್ಷೆಯೂ ಕೆಡುತ್ತದೆ. ಆಮೇಲೆ ಅಂಗಡಿಯಿಂದ ಹೊರಬನ್ನಿ. ಇದು ಈ ಕ್ರಮದ ಅತಿ ಮುಖ್ಯ ಭಾಗ. ಹತ್ತು ನಿಮಿಷಕ್ಕೊಮ್ಮೆ ಮೂಸುತ್ತ ಕೂರಬೇಡಿ. ಅರ್ಧ ಗಂಟೆಗೆ ಒಮ್ಮೆ, ಎರಡು ಗಂಟೆಗೆ ಒಮ್ಮೆ, ಐದು ಗಂಟೆಗೆ ಒಮ್ಮೆ ಮೂಸಿ ನೋಡಿ. ಅಂಜೂರದಲ್ಲಿ ಎರಡನೆಯ ಗಂಟೆಯೇ ನಿರ್ಣಾಯಕ, ಏಕೆಂದರೆ ಎಲೆ ಇಳಿದು ಹಾಲು ಮೇಲೆ ಬರುವುದು ಆ ಹೊತ್ತಿನಲ್ಲಿ. ಅದು ತೆಂಗಿನ ಹಾಲಿನಂತೆ ತಿಳಿಯಾಗಿದ್ದರೆ ಮುಂದುವರಿಯಿರಿ. ಹುಳಿಯೋ ಕಮಟೋ ಅನಿಸಿದರೆ ಅದು ನಿಮ್ಮ ಮೈಗೆ ಹೊಂದುವುದಿಲ್ಲ, ಎಷ್ಟೇ ದೊಡ್ಡ ಹೆಸರಾಗಿದ್ದರೂ ಬಿಟ್ಟುಬಿಡಿ.

ಸೂಕ್ಷ್ಮ ಚರ್ಮದವರು ಮೊಣಕೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದೆರಡು ದಿನ ಕಾಯುವುದು ಕ್ಷೇಮ.

ಒಂದು ವಾರದ ಸ್ಯಾಂಪಲ್

ಒಂದು ದಿನದ ಪರೀಕ್ಷೆಯಲ್ಲಿ ಇಷ್ಟವಾದದ್ದು ದಿನವೂ ಇಷ್ಟವಾಗಬೇಕೆಂದಿಲ್ಲ. 2 ಎಂಎಲ್‌ನ ಸ್ಯಾಂಪಲ್ ಕೊಂಡು ವಾರವಿಡೀ ಬಳಸಿ ನೋಡಿದರೆ ಮಾತ್ರ ಅದು ಗೊತ್ತಾಗುತ್ತದೆ. ಸಾಮಾನ್ಯ ಸ್ಪ್ರೇ ಒಮ್ಮೆ ಒತ್ತಿದರೆ ಹೆಚ್ಚುಕಡಿಮೆ 0.1 ಎಂಎಲ್ ಹೊರಬರುತ್ತದೆ ಎಂದಿಟ್ಟುಕೊಂಡರೆ 2 ಎಂಎಲ್‌ನಲ್ಲಿ ಸುಮಾರು 20 ಸ್ಪ್ರೇ, ದಿನಕ್ಕೆ ಮೂರರಂತೆ ಒಂದು ವಾರಕ್ಕೆ ಹತ್ತಿರ. ಇದೇ ಲೆಕ್ಕದಲ್ಲಿ 50 ಎಂಎಲ್ ಬಾಟಲಿಯಲ್ಲಿ 500 ಸ್ಪ್ರೇ ಇರುತ್ತವೆ, ಐದೂವರೆ ತಿಂಗಳು ಬರುತ್ತದೆ. ಅದರ ಬೆಲೆ 9,000 ರೂಪಾಯಿ ಎಂದು ಹಿಡಿದರೆ ಒಂದು ಸ್ಪ್ರೇಗೆ 18 ರೂಪಾಯಿ, ದಿನಕ್ಕೆ 54 ರೂಪಾಯಿ ಬೀಳುತ್ತದೆ. ದರ್ಶಿನಿಯಲ್ಲಿ ದಿನವೂ ಒಂದು ತಿಂಡಿ ತಿಂದ ಖರ್ಚು. ಆ ಲೆಕ್ಕ ಹಾಕಿದ ಮೇಲೂ ಬೇಕೆನಿಸಿದರೆ ಕೊಳ್ಳಿ. ಕೇವಲ ರಜಾದಿನಗಳಿಗೆ ಬೇಕಾದರೆ 10 ಎಂಎಲ್‌ನ ಚಿಕ್ಕ ಸೀಸೆಯೇ ಸಾಕು.

ವಾರದ ಕೊನೆಯಲ್ಲಿ ನಿಮಗೇ ವಾಸನೆ ಬರುತ್ತಿಲ್ಲ ಎನಿಸಿದರೆ ಅದನ್ನು ನಂಬಬೇಡಿ. ದಿನವೂ ಒಂದೇ ವಾಸನೆಯೊಳಗಿರುವ ಮೂಗು ಅದನ್ನು ಗಮನಿಸುವುದನ್ನೇ ಬಿಡುತ್ತದೆ, ಕಟ್ಟಿಗೆಯ ವಾಸನೆಗಳಲ್ಲಿ ಇದು ಇನ್ನೂ ಬೇಗ. ಮನೆಯವರನ್ನು ಕೇಳಿ. ನನ್ನ ತಂಗಿಯನ್ನು ಕೇಳಿದಾಗ “ಅಕ್ಕಾ, ನೀನು ಲಿಫ್ಟಿನಲ್ಲಿ ಇಳಿದು ಹೋದದ್ದು ನನಗೆ ಮೂರನೇ ಮಹಡಿಯಲ್ಲೇ ಗೊತ್ತಾಯಿತು” ಎಂದಳು. ಮರುದಿನದಿಂದ ಮೂರಿದ್ದ ಸ್ಪ್ರೇ ಎರಡಾಯಿತು.

ಹಚ್ಚಿಕೊಳ್ಳುವ ರೀತಿ

ಸ್ನಾನವಾಗಿ ಮೈ ಒರೆಸಿಕೊಂಡ ಹತ್ತು ನಿಮಿಷದ ಮೇಲೆ, ಬಟ್ಟೆ ಹಾಕಿಕೊಳ್ಳುವ ಮುನ್ನ, ಪರಿಮಳವಿಲ್ಲದ ಮಾಯಿಶ್ಚರೈಸರ್ ತೆಳುವಾಗಿ ಹಚ್ಚಿ. ಒಣಚರ್ಮದ ಮೇಲೆ ಯಾವ ಸುಗಂಧವೂ ಬೇಗ ಆರುತ್ತದೆ. ದಿನದ ಬಳಕೆಗೆ ಎರಡು ಸ್ಪ್ರೇ ಸಾಕು: ಒಂದು ಎದೆಗೆ, ಇನ್ನೊಂದು ಕತ್ತಿನ ಹಿಂಭಾಗಕ್ಕೆ. ಎದೆಗೆ ಹಾಕಿದ್ದು ಬಟ್ಟೆಯ ಒಳಗಿನಿಂದ ನಿಧಾನವಾಗಿ ಮೇಲೇರಿ ಹಚ್ಚಿಕೊಂಡವರಿಗೇ ಹೆಚ್ಚು ತಿಳಿಯುತ್ತದೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಅಷ್ಟಾಗಿ ತಾಗುವುದಿಲ್ಲ. ಆಸ್ಪತ್ರೆಯಲ್ಲಿ, ಚಿಕ್ಕ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡುವವರು ಒಂದಕ್ಕೇ ನಿಲ್ಲಿಸಬೇಕು. ಪಕ್ಕದ ಮೇಜಿನವರಿಗೆ ಆಸ್ತಮಾ, ಅರೆತಲೆನೋವು ಇದ್ದರೆ ಅವರನ್ನೇ ಒಂದು ಮಾತು ಕೇಳಿಬಿಡುವುದು ಮರ್ಯಾದೆ.

ಹತ್ತಿಬಟ್ಟೆಯ ಮೇಲೆ ಹಾಕಿದರೆ ಎಲೆಯ ಹಸಿರು ಚರ್ಮಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ. ಅರ್ಧ ಅಡಿಗಿಂತ ದೂರ ಹಿಡಿದು, ಬಿಳಿ ಬಟ್ಟೆಯಾದರೆ ಮೊದಲು ಒಳಮಡಿಕೆಯಲ್ಲಿ ಪರೀಕ್ಷಿಸಿ ಹಾಕಿ. ರೇಷ್ಮೆ ಸೀರೆಗೂ ಜರಿಗೂ ಮಾತ್ರ ತಾಗಿಸಲೇಬೇಡಿ. ಕಲೆ ಬಿದ್ದರೆ ತೆಗೆಯುವುದು ಕಷ್ಟ, ಜರಿಯೂ ಮಂಕಾಗುತ್ತದೆ. ಮದುವೆಮನೆಗೆ ಹೊರಟಾಗ ಸುಗಂಧ ಬೇಕೆಂದರೆ, ಹಳೆಯ ಕಾಲದವರು ಅತ್ತರನ್ನು ಹತ್ತಿಯ ಉಂಡೆಗೆ ಅದ್ದಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಪದ್ಧತಿಯನ್ನೇ ಅನುಸರಿಸಬಹುದು, ಅಥವಾ ಕರ್ಚೀಫಿಗೆ ಒಂದು ಸ್ಪ್ರೇ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು.

ಶ್ರೀಗಂಧದೊಂದಿಗೆ ಅಂಜೂರ ಬಹಳ ಚೆನ್ನಾಗಿ ಕೂಡುತ್ತದೆ. ಗಂಧದೆಣ್ಣೆಯೂ ಸ್ವಭಾವದಿಂದ ಹಾಲಿನಂಥ, ಮೃದುವಾದ ಮರದ ವಾಸನೆಯಾದ್ದರಿಂದ ಅಂಜೂರದ ತೆಂಗಿನ ಸಿಹಿಯನ್ನು ಅದು ತನ್ನೊಳಗೆ ಎಳೆದುಕೊಳ್ಳುತ್ತದೆ. ತಲೆಗೆಣ್ಣೆಯ ನೆನಪು ತರುತ್ತಿದ್ದ ಅಂಜೂರವೇ ಗಂಧದ ಜೊತೆಗೆ ಬೇರೆಯಾಗಿ ಕಾಣುತ್ತದೆ. ಗಂಧದ ಸೋಪಿನಲ್ಲಿ ಸ್ನಾನ ಮಾಡಿ ಎಲೆ ಮುಂದಾಗಿರುವ ಇಡಿಟಿಯನ್ನು ಹಚ್ಚಿ ನೋಡಿ, ಅಥವಾ ಮಣಿಕಟ್ಟಿಗೆ ಗಂಧದ ಅತ್ತರನ್ನು ಕಡ್ಡಿಯ ತುದಿಯಷ್ಟು ಸವರಿ ಅದರ ಮೇಲೆ ಒಂದೇ ಸ್ಪ್ರೇ ಹಾಕಿ. ಅಮ್ಮ ಆಕ್ಷೇಪಣೆ ಎತ್ತದ ಏಕೈಕ ಅಂಜೂರ ಇದು. ಪುನುಗು, ಜವ್ವಾಜಿಯಂಥ ದಟ್ಟ ವಾಸನೆಗಳೊಂದಿಗೆ ಬೆರೆಸುವ ಪ್ರಯತ್ನವನ್ನೂ ಮಾಡಿ ನೋಡಿದ್ದೇನೆ, ಎಲೆ ಹೂತೇಹೋಯಿತು.

ಇಟ್ಟುಕೊಳ್ಳುವ ಬಗೆ

ಬಿಸಿಲು, ಶಾಖ, ಗಾಳಿ ಈ ಮೂರೂ ಪರ್ಫ್ಯೂಮನ್ನು ಕೆಡಿಸುತ್ತವೆ. ಬಚ್ಚಲುಮನೆಯ ಕನ್ನಡಿಯ ಹಲಗೆ, ಕಿಟಕಿಯ ಪಕ್ಕದ ಮೇಜು, ಕಾರಿನ ಡ್ಯಾಶ್‌ಬೋರ್ಡ್ ಇವು ಮೂರೂ ತಪ್ಪು ಜಾಗಗಳು. ಡಬ್ಬಿಯಲ್ಲೇ ಇಟ್ಟು ಬೀರುವಿನ ಒಳಗಿಡುವುದು ಸರಿ. ವಿಮಾನದಲ್ಲಿ ಹೊರದೇಶಕ್ಕೆ ಹೋಗುವಾಗ ಕೈಚೀಲದಲ್ಲಿ 100 ಎಂಎಲ್ ಮೀರಿದ ಬಾಟಲಿಗೆ ಅವಕಾಶ ಸಿಗುವುದಿಲ್ಲವೆಂಬ ಸಾಮಾನ್ಯ ನಿಯಮವನ್ನು ನೆನಪಿಡಿ. ಬಾಟಲಿ ಅರ್ಧ ಖಾಲಿಯಿದ್ದರೂ ಲೆಕ್ಕಕ್ಕೆ ಬರುವುದು ಬಾಟಲಿಯ ಅಳತೆಯೇ.

ಚೆನ್ನಾಗಿ ಇಟ್ಟರೆ ಕೆಲವು ವರ್ಷ ತೊಂದರೆಯಿಲ್ಲ. ಕೆಡುವಾಗ ಅಂಜೂರದಲ್ಲಿ ಮೊದಲು ಹೋಗುವುದು ಎಲೆಯ ವಾಸನೆ. ಸ್ಪ್ರೇ ಮಾಡಿದ ಮೊದಲ ನಿಮಿಷದಲ್ಲಿ ಸಿಗಬೇಕಾದ ಆ ಹಸಿ ಚುರುಕಿನ ಬದಲು ಉಗುರುಬಣ್ಣದಂಥ ಘಾಟು ಬಂದರೆ, ದ್ರವದ ಬಣ್ಣವೂ ಮೊದಲಿಗಿಂತ ಗಾಢವಾಗಿದ್ದರೆ, ಒಂದು ಕಾಗದದ ಪಟ್ಟಿಯ ಮೇಲೆ ಹಾಕಿ ಅರ್ಧ ಗಂಟೆ ಕಾಯಿರಿ. ಹಾಲು ಮತ್ತು ಕಟ್ಟಿಗೆ ಆಮೇಲೂ ತಿಳಿಯಾಗಿ ಉಳಿದಿದ್ದರೆ ಮೈಗೆ ಹಾಕದೆ ಕರ್ಚೀಫಿಗೆ, ಬಟ್ಟೆಯ ಬೀರುವಿನಲ್ಲಿಡುವ ಹತ್ತಿಯುಂಡೆಗೆ ಬಳಸಿ ಮುಗಿಸಬಹುದು. ನನ್ನ ಆ ಮೊದಲ ಬಾಟಲಿ ಈಗ ಅದೇ ಕೆಲಸ ಮಾಡುತ್ತಿದೆ. ಚಳಿಗಾಲದ ಹೊದಿಕೆಗಳ ನಡುವೆ ಅದರ ಹತ್ತಿಯುಂಡೆ ಕೂತಿದೆ.